ಕೊನೆಯವರಿಗೆ ಮೊದಲ ಆಯ್ಕೆ

ಹದಿನಾಲ್ಕು ಆಟ. ಗೆಲುವು ಸೊನ್ನೆ. ಸಮ ಎರಡು,
ಅದರಲ್ಲೊಂದು ಮಳೆಯ ದಯೆ.
ತಿಂದ ಗೋಲು ಐವತ್ತೊಂದು.
ಕ್ಯೂರಿಂಗ್ ವರ್ಕ್ಸಿನಲ್ಲಿ ಕಾಫಿ ಮೂಟೆ ತೂಗುವ ನಾನು
ಅಮ್ಮತ್ತಿ ಹಾಕಿ ತಂಡದ ಕಾರ್ಯದರ್ಶಿಯೂ ಹೌದು;
ಎರಡೂ ಕಡೆ ಪೆನ್ಸಿಲು ಕಿವಿಯ ಮೇಲೆ,
ಎರಡೂ ಕಡೆ ಕಡಿಮೆ ಬಂದದ್ದಕ್ಕೆ ನನ್ನದೇ ಉತ್ತರ.

ನಿಯಮ ಚಿಕ್ಕದು: ಕೊನೆಗೆ ಬಂದವರಿಗೆ
ಹೊಸ ಹುಡುಗರಲ್ಲಿ ಮೊದಲ ಆಯ್ಕೆ.
ಬೇಕಿದ್ದರೆ ಆಳಿಗೆ ಆಳು ಬದಲು; ದುಡ್ಡು ಕೂಡದು.
ಸೋತವರ ಮೇಲೆ ಇಷ್ಟು ಕರುಣೆ
ನಾನು ಬೇರೆಲ್ಲೂ ಕಂಡಿಲ್ಲ,
ಬ್ಯಾಂಕಿನಲ್ಲಂತೂ ಇಲ್ಲ.

ಅಶ್ರಫನ ಅಂಗಡಿಯ ಹಿಂದೆ ಸಮಿತಿ ಸಭೆ,
ಒಬ್ಬೊಬ್ಬರೂ ಒಂದೊಂದು ಹಳೇ ಟಯರಿನ ಮೇಲೆ.
"ಮುದಿ ಗಿಡ ಬುಡಕ್ಕೆ ಕಡಿದರೇ ಹೊಸ ಚಿಗುರು"
ಅಂದರು ಪೂವಯ್ಯ ಮೇಷ್ಟ್ರು, ಸ್ವಂತ ತೋಟ ಇಲ್ಲದವರು.
ಎಲ್ಲರೂ ತಲೆಯಾಡಿಸಿದರು. ಯಾರೂ ಹೆಸರು ಹೇಳಲಿಲ್ಲ.
ನಾನೇ ಹೇಳಿದೆ: ಪಳಂಗಪ್ಪ.

ಹದಿನಾರು ವರ್ಷದ ಫುಲ್‌ಬ್ಯಾಕ್.
ಎಡ ಮಂಡಿಯಲ್ಲಿ ತಂತಿ, ಮುಂದೆ ಎರಡು ಹಲ್ಲಿಲ್ಲ,
ಒಂದು ಮೂರ್ನಾಡಿನಲ್ಲಿ ಹೋಯಿತು, ಒಂದು ಕುಶಾಲನಗರದಲ್ಲಿ,
ಎರಡೂ ಸಲ ಗೋಲು ಮಾತ್ರ ಆಗಲಿಲ್ಲ.
ನನ್ನ ಮದುವೆಗೆ ಕೊಡೆ ಹಿಡಿದವನು.
ಅವನನ್ನು ಬಿಟ್ಟುಕೊಟ್ಟರೆ ನಾಪೋಕ್ಲಿನವರು
ಹದಿನೇಳರ ಹುಡುಗನೊಬ್ಬನನ್ನು ಕೊಡುತ್ತಾರೆ,
ಜೊತೆಗೆ ಎರಡನೇ ಸುತ್ತಿನ ತಮ್ಮ ಸರದಿ.

ಹೇಳಲು ಹೋದಾಗ ಅವನು ಮೆಣಸಿನ ಏಣಿಯ ತುದಿಯಲ್ಲಿದ್ದ.
ಮುಖ ಕಾಣದಿದ್ದರೆ ಸುಲಭ ಅಂತ
ಕೆಳಗಿನಿಂದಲೇ ಹೇಳಿಬಿಟ್ಟೆ.
ಚೀಲಕ್ಕೆ ಗೊಂಚಲು ಬೀಳುವ ಸದ್ದು ನಿಂತಿತು.
"ನನಗೆ ಎಷ್ಟು ಕೊಟ್ಟರು?"
"ಒಬ್ಬ ಹುಡುಗ, ಒಂದು ಸರದಿ."
"ಅಷ್ಟೇನಾ ಮಾರಾಯ!
ಅವರ ಹೊಸ ಗೋಲು ಬಲೆಯನ್ನೂ ಕೇಳಬೇಕಿತ್ತು,
ನಮ್ಮದರಲ್ಲಿ ಹಂದಿ ನುಗ್ಗುತ್ತದೆ."
ಮತ್ತೆ ಗೊಂಚಲು ಬೀಳತೊಡಗಿತು, ಒಂದೆರಡು ನನ್ನ ತಲೆಗೂ.
ಅದು ಬೇಕೆಂದೇ ಅಂತ ಇವತ್ತಿಗೂ ಅನುಮಾನ.

ವಿರಾಜಪೇಟೆಯಲ್ಲಿ ಆಯ್ಕೆ. ಮೈಕು ಕೈಗಿತ್ತು
"ಅಮ್ಮತ್ತಿಯವರು ಮೊದಲು" ಅಂದರು.
ಎಲ್ಲರೂ ಕಾಯುತ್ತಿದ್ದದ್ದು
ಕ್ರೀಡಾಶಾಲೆಯ ಎತ್ತರದ ಹುಡುಗನ ಹೆಸರಿಗೆ.
ನಾನು ಓದಿದ್ದು: ಮುತ್ತ.
ಲೈನ್ ಮನೆಯ ಎರವರ ಹುಡುಗ.
ಕಾಫಿ ಗಿಡದ ಬಾಗಿದ ಬೇರು ಹಿಡಿದು
ಕಾಯಿ ಕಿತ್ತಳೆಯೊಂದನ್ನು ಸಿಲ್ವರ್ ಓಕಿನ ಸಾಲಿನ ನಡುವೆ,
ಒಂದು ಮರಕ್ಕೂ ತಾಗಿಸದೆ,
ಆಚೆ ತಲುಪಿಸುವುದನ್ನು ನಾನು ಕಂಡಿದ್ದೆ.
ಮೂಟೆ ಎಣಿಸಲು ಹೋದ ದಿನ; ಎಣಿಕೆ ತಪ್ಪಿತ್ತು.

ಅವನು ಕೇಳಿದ್ದು ಒಂದೇ:
"ಬಟವಾಡೆ ದಿನ ಆಟ ಬಿದ್ದರೆ
ಅಮ್ಮನ ದುಡ್ಡು ಎಣಿಸಿಕೊಳ್ಳುವುದು ಯಾರು?"
"ನಾನು," ಅಂದೆ.

ಮೊದಲ ಆಟವೇ ನಾಪೋಕ್ಲಿನ ಮೇಲೆ.
ನೀಲಿ ಜೆರ್ಸಿ ಪಳಂಗಪ್ಪನ ಹೊಟ್ಟೆಗೆ ಬಿಗಿ.
ನಮ್ಮದು ಕೆಂಪು, ಮುತ್ತನಿಗೆ ಮೊಣಕಾಲವರೆಗೆ;
ಅದು ಪಳಂಗಪ್ಪನದೇ, ಹೊಸದಕ್ಕೆ ದುಡ್ಡಿರಲಿಲ್ಲ.
ಅರ್ಧದ ಹೊತ್ತಿಗೆ ನಾಲ್ಕು ತಿಂದಿದ್ದೆವು.
ಮೇಷ್ಟ್ರು ಚಿಗುರಿನ ಮಾತೆತ್ತಲಿಲ್ಲ.

ಕೊನೆಗೆ, ಆಟ ಸತ್ತ ಮೇಲೆ,
ಚೆಂಡು ಪಳಂಗಪ್ಪನ ಕೋಲಿಗೆ ಬಂತು.
ಹದಿನಾರು ವರ್ಷ ಮಾಡಿದಂತೆಯೇ
ಎಡಕ್ಕೆ, ಕೆಂಪು ಕಂಡಲ್ಲಿಗೆ,
ಮೆತ್ತಗೆ ತಳ್ಳಿದ.

ಮುತ್ತ ಅಲ್ಲಿದ್ದ.

ಗೋಲು. ಸೀಟಿ. ಒಂದಕ್ಕೆ ನಾಲ್ಕು.
ಹಳೇ ಮನೆಗೇ ಓಡಿಹೋದ ನಾಯಿಯನ್ನು ನೋಡುವ ಹಾಗೆ
ಪಳಂಗಪ್ಪ ತನ್ನ ಕೋಲನ್ನು ನೋಡುತ್ತ ನಿಂತ.
ನೀಲಿಯವರು ಬಯ್ಯುತ್ತಲೇ ಇದ್ದರು.
ಆಮೇಲೆ ನನ್ನ ಕಡೆ ತಿರುಗಿದ,
ಹಲ್ಲಿಲ್ಲದ ಜಾಗ ಕಂಡಿತು.

ರಾತ್ರಿ ಪುಸ್ತಕ ತೆರೆದೆ.
ಬಂದದ್ದು, ಹೋದದ್ದು, ಎರಡೇ ಮನೆ.
ಆ ಒಂದು ಚೆಂಡನ್ನು ಯಾವುದರಲ್ಲಿ ಬರೆಯುವುದು ತಿಳಿಯದೆ
ಪೆನ್ಸಿಲು ಮತ್ತೆ ಕಿವಿಗೆ ಸಿಕ್ಕಿಸಿದೆ.
ಬೆಳಿಗ್ಗೆ ಬಟವಾಡೆ, ಮುತ್ತನಿಗೆ ಅಭ್ಯಾಸ.
ಬೇಗ ಏಳಬೇಕು.