ಹನ್ನೊಂದು ಹಿಡಿಸಿದವು

ಬೆಲಿಸಾರಿಯೊನ ಬಾಯಿಗೆ ಬೀಗವಿಲ್ಲವೆಂದು
ಫೊನ್ಸೆಕಾ ಕೊಲ್ಲಿಯ ಈ ದಡಕ್ಕೂ ಗೊತ್ತು, ಆ ದಡಕ್ಕೂ.
ದೋಣಿ ಇನ್ನೂ ಕಾಂಡ್ಲಾಕಾಡಿನ ತಿರುವಿನಲ್ಲಿರುವಾಗಲೇ
ಅವನ ಮಾತು ಬಂದು ದಡ ಹತ್ತುತ್ತದೆ:
ಐಸಿನ ರೇಟು, ಹೊಂಡುರಾಸಿನ ಗಸ್ತುದೋಣಿಗೆ ಬೈಗುಳ,
ಕೆಟ್ಟ ಮೋಟರಿನ ಏಳು ತಲೆಮಾರಿಗೆ ಶಾಪ.

ಇವತ್ತು ದೋಣಿ ಬಂತು, ಮಾತು ಬರಲಿಲ್ಲ.

ಹಲಗೆಯ ಮುಂದೆ ಚೂರಿ ಮಸೆಯುತ್ತ ಕೂತಿದ್ದೆ.
ಎಷ್ಟು ಸಿಕ್ಕಿತು ಎಂದೆ. ಉತ್ತರವಿಲ್ಲ.
ಐಸಿನವಳು ಎರಡು ಸಲ ಬಂದು ಹೋದಳು ಎಂದೆ. ಇಲ್ಲ.
ಕೆನ್ನೆ ಎರಡೂ ಊದಿ, ಹಲ್ಲುನೋವಿನವನ ಹಾಗೆ
ಕಣ್ಣಲ್ಲೇ ತಡಿ ಅಂದು
ಸೊಂಟದುದ್ದ ನೀರಿಗಿಳಿದು ಬೇರುಗಳ ಕಡೆ ಹೊರಟ.

ದೋಣಿಯ ತಳದಲ್ಲಿ ಬಾಗ್ರೆ,
ಗೊರ್ ಗೊರ್ ಎಂದು ಇನ್ನೂ ಗೊಣಗುತ್ತ.
ಮೀಸೆಮೀನು. ಮೀಸೆ ಮಣ್ಣು ಮಾಡಿಕೊಂಡೇ ಬದುಕುವ ಜಾತಿ.
ಮುಳ್ಳು ತಾಗಿದರೆ ರಾತ್ರಿಯೆಲ್ಲ ಕೈ ಕುದಿಯುತ್ತದೆ,
ನನ್ನ ಹೆಬ್ಬೆರಳನ್ನು ಕೇಳಿ.
ಇಂಥದನ್ನು ಯಾರು ಮುದ್ದಿಸುತ್ತಾರೆ?

ಗಂಡು ಅದು. ಮೊಟ್ಟೆ ಬಾಯಲ್ಲಿಟ್ಟುಕೊಳ್ಳುವುದು ಗಂಡೇ.
ಹೆಣ್ಣು ಇಟ್ಟು ಹೋಗುತ್ತದೆ, ಇದು ಎತ್ತಿಕೊಳ್ಳುತ್ತದೆ.
ಆಮೇಲೆ ವಾರಗಟ್ಟಲೆ ಉಪವಾಸ.
ಕೈಗೆ ಬಂದ ತುತ್ತು ಬಾಯಿಗಿಲ್ಲವೆಂದು ನಾವು ಅಳುತ್ತೇವೆ;
ಇದಕ್ಕೆ ಬಾಯಿಗೇ ಬಂದದ್ದು ಗಂಟಲಿಗಿಲ್ಲ.
ನಮ್ಮಪ್ಪ ಗಾಳ ಹಾಕುತ್ತಿದ್ದ ಕಾಲದಲ್ಲಿ
ಬಸುರಿಬಾಯಿಯ ಗಂಡು ಸಿಕ್ಕಿದ್ದೇ ಇಲ್ಲ,
ಅದು ಎರೆ ಮುಟ್ಟುವುದಿಲ್ಲ.
ಬಲೆ ಏನನ್ನೂ ಕೇಳುವುದಿಲ್ಲ.

ಅಪ್ಪನ ಜೊತೆ ಹೋಗಿದ್ದ ಓತಿಲಿಯಾ ಆಮೇಲೆ ಹೇಳಿದಳು:
ಬಿಡಿಸುವಾಗ ಮೀನು ಬಾಯಿ ಬಿಟ್ಟಿತು,
ಗೋಲಿಗಳ ಹಾಗೆ ಹಳದಿ ಹಳದಿ ಉರುಳಿದವು,
ಕೆಲವು ಹಗ್ಗದಡಿಗೆ, ಕೆಲವು ಡೀಸೆಲ್ಲಿಗೆ.
ಅಪ್ಪ ತಿರುಗಿ ತುಂಬಿಸಲು ನೋಡಿದ. ಮೀನು ಉಗುಳಿತು.
ಮತ್ತೆ ತುಂಬಿಸಿದ. ಉಗುಳಿತು.

ಬಕೆಟ್ಟಿತ್ತಲ್ಲ, ಎಂದೆ.
ಅವಳು ಭುಜ ಕುಣಿಸಿದಳು.
ಹನ್ನೊಂದು ಹಿಡಿಸಿದವು ಅಮ್ಮಾ, ಎಣಿಸಿದೆ.

ಉಳಿಯುವುದಿಲ್ಲ. ನನಗೆ ಗೊತ್ತು, ಅವನಿಗೂ ಗೊತ್ತು.
ಅಷ್ಟು ಹೊತ್ತಿಗೆ ಏಡಿಗಳಿಗೆ ಸುದ್ದಿ ಮುಟ್ಟಿರುತ್ತದೆ.
ಆ ಮೀನನ್ನು ನಾನೇ ಕೊಯ್ದೆ, ನಾನೇ ಮಾರಿದೆ.
ತಲೆ ಮಾತ್ರ ಇಟ್ಟುಕೊಂಡೆ;
ಬುರುಡೆ ಬೇಯಿಸಿ ಒಣಗಿಸಿದರೆ ಒಂದು ಶಿಲುಬೆ ಕಾಣುತ್ತದೆ,
ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ಕೊಳ್ಳುತ್ತಾರೆ.

ರಾತ್ರಿ ತಟ್ಟೆ ಹಾಕಿದೆ, ಬೀನ್ಸು, ಮುಸುಕಿನಜೋಳದ ರೊಟ್ಟಿ.
ನಗಬೇಕೆಂದಿದ್ದೆ, ಇಡೀ ದಡಕ್ಕೆ ಹೇಳಬೇಕೆಂದಿದ್ದೆ.
ಬಾಯಿ ಬಿಟ್ಟರೆ ಬಣ್ಣಗೇಡು. ಸುಮ್ಮನಾದೆ.
ಡೀಸೆಲ್ ರುಚಿ ಹೋಗಿಲ್ಲ, ಎಂದ ಅವನು. ಅಷ್ಟೇ.
ರೊಟ್ಟಿ ಮುರಿದು ನಿಧಾನಕ್ಕೆ ಅಗಿದ,
ಎಲ್ಲೋ ಒಂದು ಇನ್ನೂ
ದವಡೆಯ ಮರೆಯಲ್ಲಿ ಉಳಿದಿದೆಯೇನೋ ಎಂಬಂತೆ.