ಸ್ನಾನಕ್ಕೆಷ್ಟು ಹೊತ್ತು

ನೀರು ತುಂಬುವ ಹಬ್ಬದ ಮಾರನೆ ಬೆಳಿಗ್ಗೆ
ಎಣ್ಣೆಸ್ನಾನದ ನಾಲ್ಕನೇ ಸರದಿ ಮುಗಿಯುವಷ್ಟರಲ್ಲಿ
ಬಚ್ಚಲಿನ ಸೀಲಿಂಗು ನೆನೆದ ಅವಲಕ್ಕಿಯಂತಾಗಿ
ಮಧ್ಯಾಹ್ನ ಒಂದು ಮೂಲೆ ಬಕೆಟ್ಟಿಗೆ ಬಿತ್ತು,
ಸದ್ದೇ ಇಲ್ಲದೆ.

ಎರಡು ವರ್ಷದಿಂದ ಕರಿ ಬೂಷ್ಟು ಅಲ್ಲಿ ಚುಕ್ಕಿಯಿಡುತ್ತಿತ್ತು.
ತಿಂಗಳಿಗೊಮ್ಮೆ ಸ್ಟೂಲು ಹತ್ತಿ
ಬ್ಲೀಚಿಂಗ್ ನೀರಲ್ಲಿ ಒರೆಸಿ
ಇಳಿದುಬಿಡುತ್ತಿದ್ದೆ.

ಸಿದ್ದಯ್ಯ ರಸ್ತೆಯ ಅಂಗಡಿಯಲ್ಲಿ
ಮುಖ್ತಾರ್ ಸಾಹೇಬರು ಕನ್ನಡಕ ಹಣೆಗೇರಿಸಿ
ಮೊದಲು ಕೇಳಿದ್ದು ಅಳತೆಯಲ್ಲ, ಬಜೆಟ್ಟೂ ಅಲ್ಲ:
"ಮನೇಲಿ ಸ್ನಾನಕ್ಕೆ ಎಷ್ಟು ಹೊತ್ತು, ಮೇಡಂ?"

ನನ್ನದು ಐದು ನಿಮಿಷ.
ಯಜಮಾನರದು ಆಕಾಶವಾಣಿಯ ಪ್ರದೇಶ ಸಮಾಚಾರದಷ್ಟು.
"ಒಬ್ಬರದು ಮಾತ್ರ ಒಂದು ಗಂಟೆ."
"ಗಂಟೇನಾ! ಯಾರಮ್ಮಾ ಅದು?"
"ಇದ್ದಾರೆ," ಅಂದೆ.

ಚನ್ನಪಟ್ಟಣದಿಂದ ಎರಡು ಸೂಟ್‌ಕೇಸು,
ಒಂದು ಹೊಲಿಗೆ ಯಂತ್ರದ ಜೊತೆ ಬಂದಿಳಿದ ತಂಗಿ.
ಗೀಸರು ತಣ್ಣಗಾಗುವ ತನಕ ಚಿಲಕ ತೆಗೆಯಳು.
ಹೊರಬಂದಾಗ ಕಣ್ಣು ಕೆಂಪಗಿದ್ದರೆ
ಸೀಗೆಪುಡಿ ಹೋಯ್ತು ಅಕ್ಕ, ಅನ್ನುತ್ತಾಳೆ.
ನಮ್ಮ ಮನೆಗೆ ಶಾಂಪೂ ಬಂದೇ ಇಪ್ಪತ್ತು ವರ್ಷವಾಯಿತು.

ಗಲ್ಲಾಪೆಟ್ಟಿಗೆಯ ಪಕ್ಕ ಪ್ಲಾಸ್ಟಿಕ್ ಜಗ್ಗು,
ಅದರಲ್ಲಿ ಬೆಳಿಗ್ಗೆಯಿಂದ ನೆನೆದ ಎರಡು ತುಂಡು.
ಬಿಳಿಯದನ್ನು ಎತ್ತಿದರು, ಬೆರಳಿಗೇ ಮೆತ್ತಿಕೊಂಡಿತು.
ಹಸಿರು ಕಾಗದದ್ದನ್ನು ಎತ್ತಿ
ಟೇಬಲ್ಲಿಗೆ ಕುಟ್ಟಿದರು. ಟಕ್ ಟಕ್.
"ಆದರೆ ಸುಳ್ಳು ಹೇಳಲ್ಲ.
ಇದು ತೇವ ತಡೆಯುತ್ತೆ, ನೀರು ತಡೆಯಲ್ಲ.
ಷವರ್ ನೇರ ಬೀಳೋ ಗೋಡೆಗೆ ಕೇಳಬೇಡಿ, ಕೊಡಲ್ಲ.
ಮೇಲಿನ ಮನೆ ಪೈಪು ಸೋರಿದರೂ
ನನ್ನ ಹತ್ತಿರ ಬರಬೇಡಿ."

ಜಿಪ್ಸಂ ನನಗೆ ಹೊಸದಲ್ಲ.
ಇಪ್ಪತ್ತಾರು ವರ್ಷ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ
ಬರ್ನರ್ ಹಚ್ಚಿಕೊಟ್ಟವಳು ನಾನು.
ಆ ಬಿಳಿ ಪುಡಿಯನ್ನು ಒಣ ಪ್ರನಾಳದಲ್ಲಿ ಕಾಯಿಸಿದರೆ
ಗಾಜಿನ ಕೊರಳಿಗೆ ಹನಿ ಕಟ್ಟುತ್ತದೆ.
ನೀರೇ ಹಾಕಿಲ್ಲ, ಎಲ್ಲಿಂದ ಬಂತು ಮೇಡಂ?
ಹುಡುಗರು ಪ್ರತಿ ವರ್ಷ ಕೇಳುತ್ತಿದ್ದರು.
ಒಳಗೇ ಇತ್ತು ಕಣ್ರೋ,
ಕಲ್ಲಿನೊಳಗೆ, ಎಣಿಸಿ ಗಂಟು ಕಟ್ಟಿಟ್ಟ ಹಾಗೆ.
ಅಟೆಂಡರ್ ಹೇಳುವ ಮಾತಲ್ಲ, ಆದರೂ ಹೇಳುತ್ತಿದ್ದೆ.

ಹಸಿರು ಹಾಳೆ ಎರಡು, ಆರಡಿಗೆ ನಾಲ್ಕಡಿ,
ಹನ್ನೆರಡೂವರೆ ಎಂಎಂ.
ತುಕ್ಕು ಹಿಡಿಯದ ಸ್ಕ್ರೂ ಒಂದು ಡಬ್ಬಿ.
ಬಿಲ್ಲು ಹರಿಯುತ್ತಾ ಸಾಹೇಬರು ಮತ್ತೆ ಕರೆದರು.
"ಹಾಳೆ ಒಂದರಿಂದಲೇ ಆಗಲ್ಲಮ್ಮ.
ಒಂದು ಫ್ಯಾನು ಹಾಕಿಸಿ.
ಹಬೆಗೂ ಹೊರಗೆ ಹೋಗೋಕೆ ದಾರಿ ಬೇಕಲ್ಲ."

ಗಿರಿನಗರದ ತಿರುವಿನಲ್ಲಿ ಗೂಡ್ಸ್ ಆಟೋ ಕೆಟ್ಟು
ಮುಕ್ಕಾಲು ಗಂಟೆ ಫುಟ್‌ಪಾತಿನ ಮೇಲೆ
ಹಾಳೆಗಳಿಗೆ ಒರಗಿ ನಿಂತಿದ್ದೆ.
ಹಾದುಹೋದವರೆಲ್ಲ ನೋಡಿದ್ದು ಹಸಿರನ್ನೇ.
ಒಬ್ಬ ಕೇಳಿಯೇಬಿಟ್ಟ, ಇದು ಶಾಲೆಯ ಬೋರ್ಡಾ?

ಕೂರಿಸಲು ಬಂದ ಕೌಸರ್ ಮಾತು ಕಡಿಮೆ.
ಹಾಳೆಯ ಮೇಲೇ ಸೀಸದಕಡ್ಡಿಯಲ್ಲಿ ಕೂಡಿದ, ಕಳೆದ,
ಲೈಟಿಗೊಂದು, ಫ್ಯಾನಿಗೊಂದು ತೂತು ಕೊರೆದ.
ತಂಗಿ ಬಾಗಿಲಲ್ಲಿ ನಿಂತು ತಲೆಯೆತ್ತಿ
"ಬಣ್ಣ ಬೇಡ ಅಕ್ಕ, ಹೀಗೇ ಇರಲಿ," ಅಂದಳು.
"ಹಾಗೇ ಬಿಟ್ಟರೆ ಬಾಳಲ್ಲ," ಅಂದ ಕೌಸರ್,
ಅವಳ ಮುಖ ನೋಡದೆ.
ಮೂರನೇ ದಿನ ಎಲ್ಲ ಬಿಳಿ.
ಅವನ ಲೆಕ್ಕ, ಆ ಹಸಿರು,
ಎಲ್ಲದರ ಮೇಲೂ ಎರಡು ಕೋಟು.

ಈಗ ಫ್ಯಾನು ಗುಂಯ್‌ಗುಡುತ್ತದೆ.
ಒಳಗಿನದು ಏನೂ ಕೇಳಿಸುವುದಿಲ್ಲ,
ಕೇಳಿಸುತ್ತಿದ್ದಾಗಲೂ ನಾನೇನು ಮಾಡಿದ್ದೆ ಎಂದು
ತೊಗರಿಬೇಳೆ ಆರಿಸುತ್ತಾ ಯೋಚಿಸುತ್ತೇನೆ.

ಲೈಟಿನ ತೂತಿಂದ ಬಿದ್ದ ದುಂಡು ತುಂಡನ್ನು
ತಂಗಿ ಗುಡಿಸಿ ಎಸೆಯಲಿಲ್ಲ.
ಹೊಲಿಗೆ ಯಂತ್ರದ ಮೇಲೆ
ಅದರ ಮೇಲೆ ಕಾಫಿ ಲೋಟ.
ವಾರವಾಯಿತು, ಹಸಿರಿನ ಮೇಲೆ ಬಳೆಯಂಥ ಗುರುತುಗಳು,
ಒಂದರ ಮೇಲೊಂದು, ಉಬ್ಬಿಲ್ಲ.

ನಿನ್ನೆ ಸ್ನಾನ ಮುಗಿಸಿ ಬೇಗ ಬಂದಳು.
ಗಡಿಯಾರ ನೋಡಲಿಲ್ಲ ಅನ್ನಲಾರೆ, ನಲವತ್ತು ನಿಮಿಷ.
ಕೂದಲಿನ ನೀರು ಹಿಂಡುತ್ತಾ
"ಅಕ್ಕಾ, ಈ ಬೀದೀಲಿ ಫಾಲ್ಸ್ ಹಾಕಿಸೋರು
ಯಾರಾದ್ರೂ ಇದ್ದಾರಾ," ಅಂದಳು.