ತಂತಿ

ಕ್ಯಾನ್‌ಬೆರಾದಲ್ಲಿ ಆಗಿನ್ನೂ ಕೆರೆ ಇರಲಿಲ್ಲ.
ಮೊಲಾಂಗ್ಲೊ ಎಂಬ ಬಡಕಲು ಹೊಳೆ, ಕುರಿ, ಇಬ್ಬನಿ ಹೆಪ್ಪುಗಟ್ಟಿದ ಹುಲ್ಲು,
ಮುಂದೆಂದೋ ಬರುವ ಊರಿಗೆಂದು
ಮೊದಲೇ ಹಾಸಿಟ್ಟ ಅಗಲಗಲ ರಸ್ತೆ.
ರಸ್ತೆಯ ಮಗ್ಗುಲಿಗೆ ಕಂಬ. ಕಂಬದಿಂದ ಕಂಬಕ್ಕೆ ತಂತಿ.

ತೋಟಪ್ಪ ಅಗಡಿಯವರು ಕಾರಿನ ಕಿಟಕಿಯಿಂದ
ಒಂದೊಂದನ್ನೂ ಕಣ್ಣಲ್ಲೇ ಅಳೆಯುತ್ತಿದ್ದರು:
ಇದು ಹತ್ತಲು ಸಲೀಸು, ಇದಕ್ಕೆ ಇಬ್ಬರು ಬೇಕು.
ಬಾಯಿಬಿಟ್ಟು ಹೇಳಿದವರಲ್ಲ. ತುಟಿ ಅಲುಗುತ್ತಿತ್ತು.
ನಲವತ್ತೆರಡರ ಮಳೆಗಾಲ,
ಕಮ್ಮಾರನ ಇಕ್ಕಳ ಹಲ್ಲಲ್ಲಿ ಕಚ್ಚಿ ಮೇಲೇರಿದ ಮೈ
ಬಂದ್‌ಗಲಾ ಕೋಟಿನೊಳಗೆ ಇನ್ನೂ ಕೂತಿತ್ತು.

ಹಿಂಡಲಗಾದಲ್ಲಿ ಎರಡು ವರ್ಷ, ಒಂದು ತಿಂಗಳು.
ಆಮೇಲೆ ದೆಲ್ಲಿ. ಸಂದರ್ಶನದ ಉದ್ದನೆ ಮೇಜು.
ಹಿಂದಿನ ಅನುಭವ? ಎಂದರಂತೆ.
ತಂತಿ ಇಲಾಖೆ, ಎಂದರಂತೆ ಇವರು.
ಔತಣದಲ್ಲಿ ಇದನ್ನು ಹೇಳಿದಾಗೆಲ್ಲ
ಮಂತ್ರಿಗಳು ನಕ್ಕರು, ಮಂತ್ರಿಗಳ ಹೆಂಡಿರು ನಕ್ಕರು.
ಗೋಡೆಗೊರಗಿ ನಿಂತ ನಾನು,
ಗುಪ್ತಲಿಪಿಯ ಗುಮಾಸ್ತ,
ಬೂಟಿನ ಲಾಡಿ ನೋಡಿಕೊಳ್ಳುತ್ತಿದ್ದೆ.

ಹಗಲೆಲ್ಲ ಕಡತ.
ವೂಲ್‌ಗೂಲ್ಗಾದ ಬಾಳೆತೋಟದ ಮೆಹಂಗಾ ಸಿಂಗ್
ಜಲಂಧರದ ಮಗನನ್ನು ಕರೆಸಿಕೊಳ್ಳಬೇಕು.
ವಲಸೆ ಕಚೇರಿಯ ಸಾಹೇಬ ಕೈಯಾರೆ ಚಹಾ ಬಗ್ಗಿಸುತ್ತಾನೆ,
ಸಕ್ಕರೆ ಎಷ್ಟೆಂದು ಕೇಳುತ್ತಾನೆ,
ಮಗನ ವಯಸ್ಸು ಮೀರಿತು ಎನ್ನುತ್ತಾನೆ.
ಮೀರಿದ್ದು ನಿಮ್ಮ ಮೇಜಿನ ಮೇಲೆ, ಎನ್ನಬೇಕು.
ಎನ್ನುವುದಿಲ್ಲ. ಎರಡು ಚಮಚೆ, ಎನ್ನುತ್ತಾರೆ ಅಗಡಿಯವರು,
ಮುಂದಿನ ವಾರ ಮತ್ತೆ ಹೋಗುತ್ತಾರೆ.
'ವಿಷಾದ'ವನ್ನು ಆ ವರ್ಷ ನಾನೇ ಹದಿನೇಳು ಸಲ ಅಂಕಿಗಿಳಿಸಿದೆ.
ತಂತಿಗೆ ಶಬ್ದಕ್ಕಿಷ್ಟೆಂದು ದುಡ್ಡು. ಒಂದ್ ಶಬ್ದ ತಗಿ, ಎನ್ನುವರು,
ಇನ್ನೊಂದು ತಗಿ.
ಕತ್ತರಿಸುವ ಚಾಳಿ ಬಿಟ್ಟಿರಲಿಲ್ಲ ಕೈಗೆ.
(ಆ ಹುಡುಗ ಬಂದಿಳಿದದ್ದು
ನಮಗೆ ವರ್ಗವಾದ ಮೇಲೆ, ಮೀಸೆ ಬೆಳೆಸಿಕೊಂಡು.)

ಜುಲೈ ತಿಂಗಳ ಒಂದು ರಾತ್ರಿ,
ಸೀಮೆಎಣ್ಣೆಯ ಒಲೆ ನಡುವೆ ಇಟ್ಟುಕೊಂಡು ಕೂತಿದ್ದೆವು.
ದೆಲ್ಲಿಯ ಉತ್ತರ ಬಂದಿರಲಿಲ್ಲ.
ಹೇಗೆ ಬಾಯಿಗೆ ಬಂತೋ, ಹೇಳಿಬಿಟ್ಟೆ:
ನಮ್ಮಪ್ಪ ಕರಜಗಿ ಸ್ಟೇಷನ್ನಿನಲ್ಲಿ ತಾರು ಮಾಸ್ತರ.
ನಲವತ್ತೆರಡರ ಭಾದ್ರಪದ.
ಅವ್ವ ಹುಬ್ಬಳ್ಳಿಯ ದವಾಖಾನೆಯಲ್ಲಿ.
ತಕ್ಷಣ ಹೊರಡು ಎಂದು ಮಾವ ಕೊಟ್ಟ ತಂತಿ
ದಾರಿಯಲ್ಲೇ ಉಳಿಯಿತು.
ಸತ್ತ ಯಂತ್ರದ ಮುಂದೆ ಅಪ್ಪ ಮೂರು ದಿನ
ಬೆರಳು ಇಟ್ಟುಕೊಂಡೇ ಕೂತಿದ್ದ,
ಡ್ಯೂಟಿ ಅಲ್ಲವೇ.
ನಾಲ್ಕನೆಯ ದಿನ ಬೂದಿ ನೋಡಲು ಹೋದೆವು.

ಅಗಡಿಯವರು ಬತ್ತಿ ಸಣ್ಣದು ಮಾಡಿದರು.
ಬಹಳ ಹೊತ್ತಿನ ಮೇಲೆ ಕೇಳಿದರು:
ಯಾವ ಕಂಬಪಾ? ವರದಾ ಹೊಳಿ ಆಚಿಗೋ, ಈಚಿಗೋ?
ಆಚಿಗೆ, ಅಂದೆ. ಹುಬ್ಬಳ್ಳಿ ಕಡೆಗೆ.
ಹಂಗಾರ ಅದು ನಂದಲ್ಲ. ನಾ ಕಡದದ್ದು ಈಚಿಂದು.

ಎಷ್ಟು ಚೊಕ್ಕ ಉತ್ತರ. ರಾಯಭಾರಿಯೇ ಸರಿ.
ನಾನು ಕಡತ ಕಟ್ಟಿ, ದಾರ ಬಿಗಿದು,
ಬಾಗಿಲ ತನಕ ಹೋಗಿದ್ದೆ.
ಬೆನ್ನ ಹಿಂದೆ ಮೆಲ್ಲಗೆ,
ನನಗೆ ಹೇಳಿದ್ದೋ ಒಲೆಗೋ:
ಈಚಿನ ತಂತಿನೂ ಎಲ್ಲಿಗೋ ಹೊಂಟಿತ್ತಲ್ಲೋ.

ಆಮೇಲೆ ಆ ಇಲಾಖೆಯ ಹಾಸ್ಯ
ಯಾವ ಔತಣದಲ್ಲೂ ಕೇಳಲಿಲ್ಲ.

ಕ್ವಿನ್‌ಬಿಯನ್ ರಸ್ತೆ. ಬೆಳಗಿನ ಏಳು.
ನಿಲ್ಲಿಸು, ಎಂದರು. ಇಳಿದರು.
ಹುಲ್ಲು ಕಾಲ್ಕೆಳಗೆ ಹಪ್ಪಳದಂತೆ ಮುರಿಯಿತು.
ಮೇಲೆ ಎರಡು ಕಪ್ಪುಬಿಳಿ ಹಕ್ಕಿ ಗದರಿದವು.
ಟೋಪಿ ತೆಗೆದು, ಕಂಬಕ್ಕೆ ಕಿವಿಯಿಟ್ಟು ನಿಂತರು,
ಶಾಲೆ ತಪ್ಪಿಸಿದ ಹುಡುಗರು
ತಂತಿಯ ಗುಂಯ್‌ಗುಡುವಿಕೆ ಕೇಳುತ್ತೇವಲ್ಲ, ಹಾಗೆ.

ಡ್ರೈವರ್ ಮಲ್ಕೇಹಿ ಕನ್ನಡಿಯಲ್ಲಿ ನನ್ನ ನೋಡಿದ.
ಯುದ್ಧದಲ್ಲಿ ಸೆರೆಸಿಕ್ಕು ಬಂದ ಮನುಷ್ಯ, ಮಾತು ಕಡಿಮೆ.
ಏನು ಕೇಳಿಸುತ್ತದೆ ಅವರಿಗೆ? ಎಂದ.

ಗೊತ್ತಿಲ್ಲ, ಎಂದೆ.
ಎಂಜಿನ್ ಆರಿಸು.